ವೃಶ್ಚಿಕ ರಾಶಿ: ಕೊಂಡಿಯಿಲ್ಲದ ಚೇಳು

ಪ್ರಶ್ನೆ: ಸರ್, ನಾನು ಹುಟ್ಟಿದ್ದು ಮೇ 28ರಂದು. ಜಾತಕದಲ್ಲಿ ವೃಶ್ಚಿಕ ರಾಶಿ, ಜ್ಯೇಷ್ಠಾ ನಕ್ಷತ್ರ ಎಂದು ಬರೆದಿದೆ. ಯಾರಾದರೂ ರಾಶಿ ಕೇಳಿ, ನಾನು ಹೇಳಿದ ಕೂಡಲೇ "ಅಯ್ಯೋ ಚೇಳಾ! ಹುಷಾರಾಗಿರಬೇಕಪ್ಪಾ" ಎಂದು ನಗುತ್ತಾರೆ. ಮೊದಮೊದಲು ನಾನೂ ನಗುತ್ತಿದ್ದೆ. ಈಗ ಬೇಜಾರಾಗುತ್ತದೆ. ನಾನು ಜಗಳಕ್ಕೆ ಹೋಗುವವಳಲ್ಲ. ಆದರೆ ಹನ್ನೊಂದು ವರ್ಷದ ಹಿಂದೆ ಗೆಳತಿಯೊಬ್ಬಳು ಆಡಿದ ಒಂದು ಮಾತನ್ನು ಇವತ್ತಿಗೂ ಮರೆತಿಲ್ಲ. ಅವಳು ಆಗ ಹಾಕಿಕೊಂಡಿದ್ದ ಬಟ್ಟೆಯ ಬಣ್ಣವೂ ನೆನಪಿದೆ. ಇದೇನಾ ಚೇಳಿನ ಗುಣ? ಇಂಗ್ಲಿಷ್ ರಾಶಿಫಲ ನೋಡಿದರೆ ನನ್ನದು ಮಿಥುನ ಅನ್ನುತ್ತದೆ. ಚಂದ್ರ ನೀಚ, ಹವಳ ಹಾಕಿಕೊಳ್ಳಿ ಎಂದು ಒಬ್ಬರು ಹೇಳಿದ್ದಾರೆ. ಯಾವುದನ್ನು ನಂಬಲಿ?

ಉತ್ತರ: ಬಟ್ಟೆಯ ಬಣ್ಣದ ಮಾತು ಓದಿ ನನಗೂ ನಗು ಬಂತು, ಕ್ಷಮಿಸಿ. ಚೇಳು ಎಂದು ಬಂದ ನಗುವಲ್ಲ ಅದು. ವೃಶ್ಚಿಕದವರು ಜಾತಕ ತೋರಿಸಲು ಬಂದಾಗ ಇಂಥದ್ದೊಂದು ವಿವರ ಯಾವಾಗಲೂ ಇರುತ್ತದೆ. ಎಲ್ಲಿ ಕೂತಿದ್ದೆವು, ಗಡಿಯಾರ ಎಷ್ಟು ತೋರಿಸುತ್ತಿತ್ತು, ಕಿಟಕಿ ತೆರೆದಿತ್ತಾ ಮುಚ್ಚಿತ್ತಾ, ಎಲ್ಲ ಹೇಳುತ್ತಾರೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಮಿಥುನದ ಗೊಂದಲ ಮುಗಿಸಿಬಿಡೋಣ.

ಇಂಗ್ಲಿಷ್ ರಾಶಿಫಲ ಸೂರ್ಯ ಎಲ್ಲಿದ್ದಾನೆ ಎಂದು ನೋಡುತ್ತದೆ. ನಮ್ಮಲ್ಲಿ ಜನ್ಮರಾಶಿ ಎಂದರೆ ಚಂದ್ರ ಇರುವ ರಾಶಿ. ಅಳತೆ ಶುರುಮಾಡುವ ಜಾಗವೂ ಬೇರೆ. ಅವರು ಮಾರ್ಚ್ ತಿಂಗಳಲ್ಲಿ ಹಗಲು ರಾತ್ರಿ ಸಮವಾಗುವ ಬಿಂದುವಿನಿಂದ ಎಣಿಸುತ್ತಾರೆ. ನಾವು ನಕ್ಷತ್ರಗಳನ್ನು ಹಿಡಿದು ಎಣಿಸುತ್ತೇವೆ. ಈ ಎರಡು ಲೆಕ್ಕದ ನಡುವೆ ಈಗ ಸುಮಾರು 24 ಡಿಗ್ರಿ ಅಂತರವಿದೆ. ಇದನ್ನೇ ಅಯನಾಂಶ ಅನ್ನುವುದು. ಹಾಗಾಗಿ ಮೇ 28ರಂದು ಅವರ ಸೂರ್ಯ ಮಿಥುನದಲ್ಲಿರುತ್ತಾನೆ, ನಮ್ಮ ಸೂರ್ಯ ಇನ್ನೂ ವೃಷಭದಲ್ಲಿರುತ್ತಾನೆ. ನಿಮ್ಮ ಚಂದ್ರ ವೃಶ್ಚಿಕದಲ್ಲಿ. ಮೂರೂ ಸರಿಯೇ. ಮೂರು ಬೇರೆ ಪ್ರಶ್ನೆಗಳಿಗೆ ಮೂರು ಉತ್ತರ, ಅಷ್ಟೇ.

ಇಷ್ಟರಲ್ಲೇ ಇನ್ನೊಂದು ಸಂಗತಿ ಗೊತ್ತಾಗುತ್ತದೆ. ಸೂರ್ಯ ವೃಷಭದಲ್ಲಿ, ಚಂದ್ರ ವೃಶ್ಚಿಕದಲ್ಲಿ. ಅಂದರೆ ಇಬ್ಬರೂ ಎದುರುಬದುರು. ನೀವು ಹುಟ್ಟಿದ್ದು ಹುಣ್ಣಿಮೆ ಆದ ಮಾರನೇ ದಿನ ಅಥವಾ ಅದರ ಮಾರನೇ ದಿನ. ಜಾತಕ ತೆಗೆದು ನೋಡಿ. ಬಹುಳ ಪಾಡ್ಯ ಅಥವಾ ಬಿದಿಗೆ ಎಂದು ಬರೆದಿರಬೇಕು. ಚಂದ್ರ ನೀಚ ಎಂದವರು ಇದನ್ನು ಹೇಳಲಿಲ್ಲ ಅಲ್ವಾ? ಹೇಳಬೇಕಿತ್ತು.

ಈಗ ಚೇಳಿನ ವಿಷಯ.

ರಾಶಿಗಳಿಗೆ ಪ್ರಾಣಿಗಳ ಹೆಸರು ಇಟ್ಟಿದ್ದು ಆಕಾಶದ ಚಿತ್ರ ನೋಡಿ. ಬಹುತೇಕ ಚಿತ್ರಗಳನ್ನು ನೋಡಲು ಕಲ್ಪನೆ ಜಾಸ್ತಿ ಬೇಕು. ಕಟಕದಲ್ಲಿ ಏಡಿ ಕಾಣಿಸಿತು ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಆದರೆ ವೃಶ್ಚಿಕ ಹಾಗಲ್ಲ. ಜೂನ್, ಜುಲೈ ರಾತ್ರಿ ಮೋಡವಿಲ್ಲದಾಗ ದಕ್ಷಿಣದ ಕಡೆ ನೋಡಿ. ತಲೆ, ಮೈ, ಬಾಗಿ ಮೇಲೆದ್ದ ಬಾಲ, ತುದಿಯಲ್ಲಿ ಜೋಡಿ ನಕ್ಷತ್ರ. ಮಗುವಿಗೆ ತೋರಿಸಿದರೂ ಚೇಳು ಅನ್ನುತ್ತದೆ. ಬ್ಯಾಬಿಲೋನಿನವರು ಕೂಡ ಇದನ್ನು ಚೇಳು ಎಂದೇ ಕರೆದರು. ಗ್ರೀಕರು ಸ್ಕಾರ್ಪಿಯೋಸ್ ಅಂದರು. ಆರನೇ ಶತಮಾನದ ನಮ್ಮ ವರಾಹಮಿಹಿರ ಈ ರಾಶಿಗೆ ಕೊಡುವ ಹೆಸರುಗಳಲ್ಲಿ 'ಕೌರ್ಪ್ಯ' ಎಂಬುದೂ ಒಂದು. ಅದು ಆ ಗ್ರೀಕ್ ಹೆಸರೇ, ಸ್ವಲ್ಪ ಬಾಯಿ ತಿರುಗಿದೆ ಅಷ್ಟೇ.

ಇಲ್ಲಿ ಒಂದು ತಮಾಷೆ ಇದೆ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದರಲ್ಲೇ ಇದೆ ಎಂದು ನನಗನ್ನಿಸುತ್ತದೆ. ಆಕಾಶದ ಚೇಳು ಬಹಳ ಉದ್ದ. ರಾಶಿಚಕ್ರವನ್ನು 30 ಡಿಗ್ರಿಯ ಹನ್ನೆರಡು ಸಮಪಾಲು ಮಾಡಿದಾಗ ಅದು ಒಂದು ಪಾಲಿನಲ್ಲಿ ಹಿಡಿಸಲಿಲ್ಲ. ಮುಂದಿನ ಎರಡು ಇಕ್ಕುಳಗಳು ತುಲಾಕ್ಕೆ ಹೋದವು. ಗ್ರೀಕರು ಮೊದಲು ತುಲಾ ಇರುವ ಜಾಗವನ್ನು 'ಇಕ್ಕುಳಗಳು' ಎಂದೇ ಕರೆಯುತ್ತಿದ್ದರು. ಆ ಎರಡು ಮುಖ್ಯ ನಕ್ಷತ್ರಗಳ ಅರಬ್ಬಿ ಹೆಸರುಗಳಿಗೆ ಇವತ್ತಿಗೂ ದಕ್ಷಿಣದ ಇಕ್ಕುಳ, ಉತ್ತರದ ಇಕ್ಕುಳ ಎಂದೇ ಅರ್ಥ. ನಮ್ಮ ವಿಶಾಖಾ ನಕ್ಷತ್ರದ ಜಾಗ ಅದೇ. ಒಂದೊಂದು ನಕ್ಷತ್ರಕ್ಕೂ ನಾಲ್ಕು ಪಾದ, ಅಂದರೆ ನಾಲ್ಕು ಪಾಲು. ವಿಶಾಖಾದ ಮೂರು ಪಾದ ತುಲಾದಲ್ಲಿ, ಒಂದೇ ಒಂದು ಪಾದ ವೃಶ್ಚಿಕದಲ್ಲಿ.

ಬಾಲದ ಕಡೆ ಬನ್ನಿ. ಕೊಂಡಿಯ ನಕ್ಷತ್ರಗಳೇ ಮೂಲಾ ನಕ್ಷತ್ರ. ಮೂಲಾ ಯಾವ ರಾಶಿ? ಧನು!

ಅಂದರೆ ಜಾತಕದ ವೃಶ್ಚಿಕದಲ್ಲಿ ಇಕ್ಕುಳವೂ ಇಲ್ಲ, ಕೊಂಡಿಯೂ ಇಲ್ಲ. ನಿಮ್ಮನ್ನು ನೋಡಿ ಹುಷಾರು ಅನ್ನುವವರಲ್ಲಿ ಯಾರಾದರೂ ಧನು ರಾಶಿ, ಮೂಲಾ ನಕ್ಷತ್ರದವರಿದ್ದರೆ ಕೊಂಡಿ ನಿಮ್ಮ ಹತ್ತಿರ ಇದೆಯಲ್ಲ ಎಂದು ಹೇಳಿ. ಸುಮ್ನೆ ತಮಾಷೆಗೆ. ಧನು ರಾಶಿಯವರು ಬೇಜಾರು ಮಾಡಿಕೊಳ್ಳಬೇಡಿ.

ಹಾಗಾದರೆ ವೃಶ್ಚಿಕದಲ್ಲಿ ಉಳಿದದ್ದೇನು? ತಲೆ ಮತ್ತು ಎದೆ. ತಲೆಯ ಸಾಲು ಅನುರಾಧಾ. ಎದೆಯ ನಡುವೆ ಕೆಂಪಗೆ ಹೊಳೆಯುವುದು ನಿಮ್ಮ ಜ್ಯೇಷ್ಠಾ. ಅದರ ಪಾಶ್ಚಾತ್ಯ ಹೆಸರು ಅಂಟಾರೆಸ್. ಕುಜನ, ಅಂದರೆ ಮಂಗಳ ಗ್ರಹದ, ಎದುರಾಳಿ ಎಂದು ಅರ್ಥ. ಬಣ್ಣ ಅಷ್ಟು ಕುಜನ ಹಾಗಿದೆ. ಎರಡು ವರ್ಷಕ್ಕೊಮ್ಮೆ ಕುಜ ಅದರ ಪಕ್ಕದಿಂದಲೇ ಹಾದು ಹೋಗುತ್ತಾನೆ. ಆಗ ಎರಡು ಕೆಂಪು ಚುಕ್ಕಿ ಜೊತೆಗಿಟ್ಟಂತೆ ಕಾಣುತ್ತವೆ. ಅದು ಸುಮಾರು 550 ಜ್ಯೋತಿರ್ವರ್ಷ ದೂರದ ದೈತ್ಯ ನಕ್ಷತ್ರ. ನಮ್ಮ ಸೂರ್ಯನ ಜಾಗದಲ್ಲಿ ಅದನ್ನು ತಂದಿಟ್ಟರೆ ಭೂಮಿ ಮಾತ್ರ ಅಲ್ಲ, ಕುಜನ ಕಕ್ಷೆಯೂ ಅದರ ಹೊಟ್ಟೆಯೊಳಗೆ ಸೇರಿಬಿಡುತ್ತದೆ. ಬರಿಗಣ್ಣಿಗೆ ಮಾತ್ರ ಒಂದು ಸಣ್ಣ ಕೆಂಡದ ಹಾಗೆ.

ಬೂದಿ ಮುಚ್ಚಿದ ಕೆಂಡ ಅನ್ನುತ್ತೇವಲ್ಲ, ವೃಶ್ಚಿಕದ ಸ್ವಭಾವ ಹೇಳಲು ನನಗೆ ಗೊತ್ತಿರುವ ಮಾತುಗಳಲ್ಲಿ ಅದೇ ಸರಿಯಾದದ್ದು. ಹೊರಗೆ ತಣ್ಣಗೆ. ಒಳಗೆ ಬಿಸಿ ಆರುವುದಿಲ್ಲ. ಶಾಸ್ತ್ರದ ಲೆಕ್ಕವೂ ಅದನ್ನೇ ಹೇಳುತ್ತದೆ. ರಾಶಿಯ ತತ್ವ ಜಲ, ಅಧಿಪತಿ ಕುಜ. ನೀರಿನ ಮನೆಗೆ ಬೆಂಕಿ ಯಜಮಾನ. ಮೇಲಾಗಿ ಸ್ಥಿರ ರಾಶಿ. ಹರಿಯುವ ನೀರಲ್ಲ, ನಿಂತ ನೀರು. ಆಳ ಎಷ್ಟು ಎಂದು ದಡದಲ್ಲಿ ನಿಂತವರಿಗೆ ಗೊತ್ತಾಗುವುದಿಲ್ಲ.

ಕುಜನಿಗೆ ಎರಡು ಮನೆ. ಮೇಷ ಮತ್ತು ವೃಶ್ಚಿಕ. ಒಬ್ಬನೇ ಯಜಮಾನ, ಆದರೆ ನಡವಳಿಕೆ ಎಷ್ಟು ಬೇರೆ ನೋಡಿ. ಮೇಷದವರಿಗೆ ಕೋಪ ಬಂದರೆ ಬೀದಿಗೆಲ್ಲ ಗೊತ್ತಾಗುತ್ತದೆ. ಅರ್ಧ ಗಂಟೆ ಕೂಗಾಡಿ, ಆಮೇಲೆ ಊಟಕ್ಕೆ ಕರೆಯುತ್ತಾರೆ. ವೃಶ್ಚಿಕದವರಿಗೆ ಕೋಪ ಬಂದರೆ ಮಾತು ಕಡಿಮೆಯಾಗುತ್ತದೆ. ಒಂದು ಸಭೆ ಎಂದುಕೊಳ್ಳಿ. ಒಂದು ಗಂಟೆ ಎಲ್ಲರೂ ವಾದ ಮಾಡುತ್ತಿದ್ದಾರೆ. ಮೂಲೆಯಲ್ಲಿ ಕೂತ ಒಬ್ಬರು ಏನೂ ಹೇಳುತ್ತಿಲ್ಲ, ಪೆನ್ನಿನ ಮುಚ್ಚಳ ತೆಗೆಯುತ್ತಾರೆ, ಹಾಕುತ್ತಾರೆ. ಎಲ್ಲ ಎದ್ದು ಹೊರಡುವ ಹೊತ್ತಿಗೆ "ಒಂದು ನಿಮಿಷ, ಈ ಲೆಕ್ಕ ಹೋದ ತಿಂಗಳು ಬೇರೆ ಇತ್ತಲ್ವಾ?" ಎಂದು ಕೇಳುತ್ತಾರೆ. ಎಲ್ಲರೂ ಮತ್ತೆ ಕೂರುತ್ತಾರೆ. ಇದು ವೃಶ್ಚಿಕದ ಕುಜ. ಸೈನಿಕನಿಗಿಂತ ಹೊಂಚು ಹಾಕಿ ಕಾಯುವ ಬೇಟೆಗಾರ.

ನಿಜವಾದ ಚೇಳೂ ಹೀಗೇ. ಅದರ ಬಗ್ಗೆ ನಮಗಿರುವ ಅರ್ಧ ತಿಳಿವಳಿಕೆ ತಪ್ಪು, ರಾಶಿಗೆ ಕೆಟ್ಟ ಹೆಸರು ಬಂದದ್ದೂ ಅಲ್ಲಿಂದಲೇ. ಚೇಳು ಓಡಾಡಿ ಕುಟುಕುವುದಿಲ್ಲ. ತನ್ನ ಬಿಲದ ಬಾಯಲ್ಲಿ, ಕಲ್ಲಿನ ಸಂದಿಯಲ್ಲಿ ಕೂತು ಕಾಯುತ್ತದೆ. ಕಣ್ಣು ಹಲವು ಇದ್ದರೂ ದೃಷ್ಟಿ ಅಷ್ಟಕ್ಕಷ್ಟೆ. ಕಾಲಿನ ಮೂಲಕ ನೆಲದ ಸಣ್ಣ ಅದುರನ್ನು ಗುರುತಿಸುತ್ತದೆ. ತಿಂಗಳುಗಟ್ಟಲೆ ಏನೂ ತಿನ್ನದೆ ಇರಬಲ್ಲದು. ಒಮ್ಮೆ ವಿಷ ಖರ್ಚಾದರೆ ಮತ್ತೆ ತುಂಬಿಕೊಳ್ಳಲು ದಿನಗಳು ಬೇಕು. ಹಾಗಾಗಿ ವಿಷದ ವಿಷಯದಲ್ಲಿ ಅದು ಮಹಾ ಜಿಪುಣ. ಇಕ್ಕುಳದಲ್ಲೇ ಕೆಲಸ ಮುಗಿದರೆ ಕೊಂಡಿ ಎತ್ತುವುದಿಲ್ಲ. ದಪ್ಪ ಇಕ್ಕುಳದ ಚೇಳುಗಳಿಗೆ ಸಾಮಾನ್ಯವಾಗಿ ವಿಷದ ಅಗತ್ಯವೇ ಕಡಿಮೆ. 2,000ಕ್ಕೂ ಜಾಸ್ತಿ ಜಾತಿಯ ಚೇಳುಗಳಿವೆ. ಅದರಲ್ಲಿ ಮನುಷ್ಯನ ಜೀವ ತೆಗೆಯುವಷ್ಟು ವಿಷ ಇರುವುದು ಕೆಲವೇ ಜಾತಿಗಳಲ್ಲಿ ಮಾತ್ರ.

ಇನ್ನೊಂದು ಮಾತು. ಚೇಳಿಗೆ ಬಸಿರೇ ಕೊನೆ, ಮರಿಗಳು ತಾಯಿಯನ್ನು ತಿಂದು ಹುಟ್ಟುತ್ತವೆ ಎಂಬ ನಂಬಿಕೆ ನಮ್ಮಲ್ಲಿ ಹಳೆಯದು. ಹಾಗೇನಿಲ್ಲ. ಚೇಳು ಮೊಟ್ಟೆ ಇಡದೆ ಮರಿ ಹಾಕುತ್ತದೆ. ಆ ಬಿಳಿ ಮರಿಗಳು ಒಂದೊಂದಾಗಿ ತಾಯಿಯ ಬೆನ್ನು ಹತ್ತುತ್ತವೆ. ಮೊದಲ ಸಲ ಪೊರೆ ಬಿಡುವವರೆಗೂ ಅಲ್ಲೇ ಸವಾರಿ. ತಾಯಿ ಅವುಗಳನ್ನು ಹೊತ್ತುಕೊಂಡೇ ಓಡಾಡುತ್ತದೆ. ನನ್ನ ಪ್ರಕಾರ ವೃಶ್ಚಿಕ ರಾಶಿಯ ಚಿತ್ರ ಬರೆಯುವವರು ಎತ್ತಿದ ಕೊಂಡಿಯ ಬದಲು ಇದನ್ನು ಬರೆಯಬೇಕು. ತಮ್ಮವರು ಎಂದು ಒಮ್ಮೆ ಒಪ್ಪಿಕೊಂಡರೆ ವೃಶ್ಚಿಕದವರು ಹೊರುವ ಭಾರ ಕಮ್ಮಿಯಲ್ಲ. ಹೇಳಿಕೊಳ್ಳುವುದಿಲ್ಲ ಅಷ್ಟೇ.

ಹೇಳಿಕೊಳ್ಳದೇ ಇರುವುದೇ ಇವರ ತೊಂದರೆ ಕೂಡ. ಶಾಸ್ತ್ರ ಇಡೀ ರಾಶಿಚಕ್ರವನ್ನು ಒಬ್ಬ ಕಾಲಪುರುಷ ಎಂದು ಕಲ್ಪಿಸಿ, ಅವನ ಮೈಯಲ್ಲಿ ಒಂದೊಂದು ರಾಶಿಗೆ ಒಂದೊಂದು ಅಂಗ ಕೊಡುತ್ತದೆ. ಮೇಷಕ್ಕೆ ತಲೆ, ಸಿಂಹಕ್ಕೆ ಹೊಟ್ಟೆ, ವೃಶ್ಚಿಕಕ್ಕೆ ಗುಪ್ತಾಂಗ. ಅದು ಮೇಷದಿಂದ ಎಂಟನೆಯ ರಾಶಿ. ಮುಚ್ಚಿಟ್ಟದ್ದು, ಗುಟ್ಟು, ನೆಲದಡಿಯದ್ದು, ಸಾವು ಮತ್ತು ಮರುಹುಟ್ಟು, ಎಲ್ಲ ಅದರ ಪಾಲಿಗೆ ಬಂದದ್ದು ಹೀಗೆ. ಗುಟ್ಟು ಕಾಪಾಡಲು ಇವರನ್ನು ಬಿಟ್ಟರಿಲ್ಲ. ಆದರೆ ತಮ್ಮ ನೋವನ್ನೂ ಗುಟ್ಟಿನ ಹಾಗೇ ಇಟ್ಟುಕೊಳ್ಳುತ್ತಾರೆ. ಎದುರಿನವರಿಗೆ ತಾವು ನೋಯಿಸಿದ್ದೇ ಗೊತ್ತಿರುವುದಿಲ್ಲ. ಇವರ ಒಳಗೆ ಮಾತ್ರ ಕೇಸು ನಡೆಯುತ್ತಿರುತ್ತದೆ. ಸಾಕ್ಷಿ, ದಿನಾಂಕ, ಬಟ್ಟೆಯ ಬಣ್ಣ ಸಮೇತ. ನೀವು ಕೇಳಿದ 'ಚೇಳಿನ ಗುಣ' ಇದ್ದರೆ ಅದು ಇಷ್ಟೇ. ನೆನಪು ಸೇಡಲ್ಲ. ನೀವು ಆ ಗೆಳತಿಗೆ ಏನಾದರೂ ಮಾಡಿದಿರಾ? ಮಾಡಿದ್ದರೆ ಪತ್ರದಲ್ಲಿ ಬರೆಯುತ್ತಿದ್ದಿರಿ, ಅಥವಾ ಪತ್ರವನ್ನೇ ಬರೆಯುತ್ತಿರಲಿಲ್ಲ.

ರಾಶಿ ಒಂದೇ ಆದರೂ ನಕ್ಷತ್ರದ ಮೇಲೆ ಬಣ್ಣ ಬದಲಾಗುತ್ತದೆ. ವಿಶಾಖಾ ನಾಲ್ಕನೇ ಪಾದದವರು ಗುರಿ ಹಿಡಿದರೆ ಬಿಡದವರು. ಅದರ ದೇವತೆ ಇಂದ್ರ ಮತ್ತು ಅಗ್ನಿ ಜೋಡಿ. ಅನುರಾಧಾಕ್ಕೆ ಮಿತ್ರ ದೇವತೆ, ಹೆಸರೇ ಹೇಳುವಂತೆ ಸ್ನೇಹದ ನಕ್ಷತ್ರ. ವೃಶ್ಚಿಕ ಎಂದರೆ ವಿಷ ಎನ್ನುವವರು ಅನುರಾಧಾದ ಒಬ್ಬ ಗೆಳೆಯನನ್ನು ಸಂಪಾದಿಸಿಕೊಂಡು ನೋಡಬೇಕು.

ನಿಮ್ಮ ಜ್ಯೇಷ್ಠಾ ಬೇರೆ ಥರ. ಜ್ಯೇಷ್ಠಾ ಎಂದರೆ ಹಿರಿಯಳು. ದೇವತೆ ಇಂದ್ರ, ಅಧಿಪತಿ ಬುಧ. ಮನೆಯಲ್ಲಿ ಕಿರಿಯವರಾಗಿ ಹುಟ್ಟಿದರೂ ಜ್ಯೇಷ್ಠಾದವರು ಹಿರಿಯರ ಹಾಗೆ ನಡೆದುಕೊಳ್ಳುವುದನ್ನು ನಾನು ಬಹಳ ಕಂಡಿದ್ದೇನೆ. ಚಿಕ್ಕ ವಯಸ್ಸಿಗೇ ಜವಾಬ್ದಾರಿ ಹೆಗಲಿಗೆ ಬಿದ್ದಿರುತ್ತದೆ. ಕೆಲವೊಮ್ಮೆ ಯಾರೂ ಹೇರಿರುವುದಿಲ್ಲ, ಇವರೇ ಎಳೆದುಕೊಂಡಿರುತ್ತಾರೆ. ಯಾರಾದರೂ ಅದನ್ನು ಗುರುತಿಸದೇ ಹೋದರೆ ಇಂದ್ರನಿಗೆ ಆಸನ ಅಲುಗಾಡಿದ ಹಾಗೆ ಒಳಗೇ ಕುದಿಯುತ್ತಾರೆ. ಇನ್ನು ಬುಧ ಕೊಡುವುದು ಮಾತು. ಜಾಸ್ತಿ ಮಾತಲ್ಲ, ಮೊನಚು ಮಾತು. ಕೊಂಡಿ ಮೂಲಾಕ್ಕೆ ಹೋಯಿತು ಎಂದೆನಲ್ಲ, ಅದರ ಒಂದು ಸಣ್ಣ ಚೂರು ಜ್ಯೇಷ್ಠಾದವರ ನಾಲಿಗೆಯಲ್ಲಿ ಉಳಿದಿರುತ್ತದೆ ಎಂದು ಬೇಕಾದರೆ ಹೇಳಬಹುದು. ನಿಮ್ಮ ಒಂದು ವಾಕ್ಯವನ್ನು ಹನ್ನೊಂದು ವರ್ಷದಿಂದ ನೆನಪಿಟ್ಟುಕೊಂಡವರು ಯಾರಾದರೂ ಇದ್ದಾರಾ ಎಂದು ಒಮ್ಮೆ ಯೋಚಿಸಿ. ಇದ್ದರೂ ಇರಬಹುದು.

ನೀಚ ಚಂದ್ರನ ವಿಷಯಕ್ಕೆ ಬರುತ್ತೇನೆ. ಈ ಪದ ಕೇಳಿ ಹೆದರಿದವರನ್ನು ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. ಮಾತಿನಲ್ಲಿ ನೀಚ ಎಂದರೆ ಬೈಗುಳ. ಶಾಸ್ತ್ರದಲ್ಲಿ ನೀಚ ಎಂದರೆ ಕೆಳಗಿನ ಜಾಗ, ಉಚ್ಚಕ್ಕೆ ಎದುರು, ಅಷ್ಟೇ. ಚಂದ್ರನಿಗೆ ವೃಷಭ ಉಚ್ಚ. ಅಲ್ಲಿ ಅವನ ಪ್ರೀತಿಯ ರೋಹಿಣಿ ಇದ್ದಾಳೆ. ಇಪ್ಪತ್ತೇಳು ಹೆಂಡತಿಯರಲ್ಲಿ ರೋಹಿಣಿಯ ಮನೆಯಲ್ಲೇ ಉಳಿದು ದಕ್ಷನ ಶಾಪ ತೆಗೆದುಕೊಂಡ ಕಥೆ ನಿಮಗೆ ಗೊತ್ತಿರಬಹುದು. ರೋಹಿಣಿಯೂ ಕೆಂಪು ನಕ್ಷತ್ರ, ಜ್ಯೇಷ್ಠಾವೂ ಕೆಂಪು ನಕ್ಷತ್ರ. ಎರಡೂ ಆಕಾಶದಲ್ಲಿ ಹೆಚ್ಚು ಕಡಿಮೆ ನೇರ ಎದುರುಬದುರು. ರೋಹಿಣಿಯಿಂದ ಅತಿ ದೂರದ ಜಾಗದಲ್ಲಿ ಚಂದ್ರ ನೆಮ್ಮದಿಯಾಗಿಲ್ಲ ಎಂಬುದು ಈ ಚಿತ್ರದ ಅರ್ಥ. ಚಂದ್ರ ಎಂದರೆ ಮನಸ್ಸು. ವೃಶ್ಚಿಕದ ಮನಸ್ಸು ಸುಲಭಕ್ಕೆ ಹಗುರಾಗುವುದಿಲ್ಲ. ಅದನ್ನು ದೋಷ ಎನ್ನಬೇಕಾ? ಬೇರೆಯವರು ನೋಡದೆ ದಾಟಿ ಹೋಗುವುದನ್ನು ನೋಡಿ ನಿಲ್ಲುವ ಮನಸ್ಸು ಅದು.

ಲೆಕ್ಕವನ್ನೂ ಹೇಳಿಬಿಡುತ್ತೇನೆ. ಚಂದ್ರನ ಪರಮ ನೀಚ ಸ್ಥಾನ ವೃಶ್ಚಿಕದ 3ನೇ ಡಿಗ್ರಿ. ಅದು ವಿಶಾಖಾ ನಾಲ್ಕನೇ ಪಾದ. ಜ್ಯೇಷ್ಠಾ ಶುರುವಾಗುವುದು 16 ಡಿಗ್ರಿ 40 ಕಲೆಯಿಂದ (ಒಂದು ಡಿಗ್ರಿಗೆ 60 ಕಲೆ). ನಿಮ್ಮ ಚಂದ್ರ ಆ ಗುಂಡಿಯನ್ನು ಎಂದೋ ದಾಟಿದ್ದಾನೆ. ಮೇಲಾಗಿ ನೀವು ಹುಟ್ಟಿದ್ದು ಹುಣ್ಣಿಮೆಯ ಬೆನ್ನಿಗೇ, ಚಂದ್ರ ಹೆಚ್ಚು ಕಡಿಮೆ ಪೂರ್ತಿ ಬೆಳಕಿನಲ್ಲಿ ಇದ್ದ ದಿನ. ಇದಕ್ಕೆ ಪಕ್ಷಬಲ ಅನ್ನುತ್ತಾರೆ, ಚಂದ್ರನ ಶಕ್ತಿ ಅಳೆಯುವಾಗ ಇದಕ್ಕೆ ತೂಕ ಜಾಸ್ತಿ. ಕುಜ ನಿಮ್ಮ ಲಗ್ನದಿಂದಲೋ (ಹುಟ್ಟಿದ ಹೊತ್ತಿಗೆ ಪೂರ್ವದಲ್ಲಿ ಉದಯಿಸುತ್ತಿದ್ದ ರಾಶಿ) ಚಂದ್ರನಿಂದಲೋ ಕೇಂದ್ರದಲ್ಲಿ, ಅಂದರೆ 1, 4, 7, 10ನೇ ಮನೆಯಲ್ಲಿ ಇದ್ದರೆ ನೀಚಭಂಗವೂ ಆಗುತ್ತದೆ, ನೀಚತನ ಕಳೆಯುತ್ತದೆ. ಇಷ್ಟೆಲ್ಲ ನೋಡದೆ 'ಚಂದ್ರ ನೀಚ' ಎಂದು ಎರಡು ಪದದಲ್ಲಿ ಮುಗಿಸುವುದು ಸರಿಯಲ್ಲ.

ಪಾಶ್ಚಾತ್ಯರ ವೃಶ್ಚಿಕದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ನಿಮಗದು ಅನ್ವಯಿಸುವುದೂ ಇಲ್ಲ. ಅವರ ಲೆಕ್ಕದಲ್ಲಿ ಅಕ್ಟೋಬರ್ ಕೊನೆಯ ವಾರದಿಂದ ನವೆಂಬರ್ 21, 22ರವರೆಗೆ ಹುಟ್ಟಿದವರು ಈ ರಾಶಿ. 1930ರಲ್ಲಿ ಪ್ಲೂಟೋ ಪತ್ತೆಯಾದ ಮೇಲೆ ಅದನ್ನು ವೃಶ್ಚಿಕದ ಹೊಸ ಯಜಮಾನ ಮಾಡಿದರು. ಪಾತಾಳದ ದೇವರ ಹೆಸರು, ಗುಟ್ಟಿನ ರಾಶಿ, ಜೋಡಿ ಚೆನ್ನಾಗಿ ಕೂತಿತು. 2006ರಲ್ಲಿ ಖಗೋಳಜ್ಞರು ಪ್ಲೂಟೋವನ್ನು ಗ್ರಹಗಳ ಪಟ್ಟಿಯಿಂದ ಕುಬ್ಜಗ್ರಹಕ್ಕೆ ಇಳಿಸಿದರು, ಜ್ಯೋತಿಷಿಗಳು ಇಳಿಸಲಿಲ್ಲ. ಚೇಳಿನ ಜೊತೆಗೆ ಹದ್ದು ಮತ್ತು ಬೂದಿಯಿಂದ ಎದ್ದುಬರುವ ಫೀನಿಕ್ಸ್ ಹಕ್ಕಿಯನ್ನೂ ಅವರು ಈ ರಾಶಿಯ ಗುರುತಾಗಿ ಹೇಳುತ್ತಾರೆ. ನೆಲದಲ್ಲಿ ತೆವಳುವುದು, ಮೇಲೆ ಹಾರುವುದು, ಸತ್ತು ಹುಟ್ಟುವುದು, ಹೀಗೆ ಮೂರು ಮೆಟ್ಟಿಲು. ಕೇಳಲು ಚೆಂದ. ನನಗೆ ಮರಿ ಹೊತ್ತ ಚೇಳೇ ಸಾಕು.

ಈಗ ನಂಬಿಕೆಯ ಪ್ರಶ್ನೆ. ಈ ಕೆಲಸ ಮಾಡುವವನಾಗಿ ಇದನ್ನು ಹೇಳಲೇಬೇಕು. ಅಮೆರಿಕದಲ್ಲಿ ಬರ್ಟ್ರಂ ಫೋರರ್ ಎಂಬ ಮನಶ್ಶಾಸ್ತ್ರಜ್ಞ 1948ರಲ್ಲಿ ತನ್ನ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟ. ಆಮೇಲೆ ಒಬ್ಬೊಬ್ಬರಿಗೂ 'ಇದು ನಿಮ್ಮ ಸ್ವಭಾವ' ಎಂದು ಒಂದು ಚೀಟಿ ಕೊಟ್ಟ. ಎಷ್ಟು ಸರಿ ಇದೆ ಎಂದು 5ಕ್ಕೆ ಅಂಕ ಹಾಕಲು ಹೇಳಿದ. ಸರಾಸರಿ 4.26 ಬಂತು. ವಿಷಯ ಏನೆಂದರೆ ಎಲ್ಲರಿಗೂ ಕೊಟ್ಟದ್ದು ಒಂದೇ ಬರಹ. ಅದರ ಬಹುಪಾಲು ಒಂದು ಜ್ಯೋತಿಷ್ಯದ ಪುಸ್ತಕದಿಂದ ತೆಗೆದದ್ದು! ಹಾಗಾಗಿ ಮೇಲೆ ನಾನು ಬರೆದ ಸ್ವಭಾವದ ಸಾಲುಗಳನ್ನು ಓದಿ 'ಅರೆ, ಹೌದಲ್ಲ' ಅನ್ನಿಸಿದರೆ, ಅವನ್ನೇ ಕುಂಭ ರಾಶಿಯ ಗೆಳತಿಗೂ ಓದಿ ಹೇಳಿ. ಅವಳೂ ಹೌದು ಅಂದರೆ ಆಶ್ಚರ್ಯ ಬೇಡ. ನಾನು ರಾಶಿಯನ್ನು ಒಂದು ಹಳೆಯ ಚಿತ್ರಭಾಷೆ ಎಂದು ಓದುತ್ತೇನೆ. ಬೂದಿ ಮುಚ್ಚಿದ ಕೆಂಡ ಎಂಬ ಚಿತ್ರ ಸಿಕ್ಕಿದರೆ ನಿಮ್ಮ ಬಗ್ಗೆ ನೀವು ಮಾತಾಡಲು ಒಂದು ದಾರಿ ಸಿಗುತ್ತದೆ. ಅದನ್ನೇ ಹಿಡಿದು ಬೇರೆಯವರು ನಿಮ್ಮ ಮೇಲೆ ತೀರ್ಪು ಕೊಟ್ಟರೆ ಒಪ್ಪಬೇಕಾಗಿಲ್ಲ.

ಕೊನೆಗೆ ಹವಳ. ಹವಳ ಕುಜನದ್ದು, ಚಂದ್ರನದ್ದು ಮುತ್ತು. ರಾಶಿಯ ಅಧಿಪತಿಗೆ ಬಲ ಬರಲಿ ಎಂದು ಅವರು ಹವಳ ಹೇಳಿರಬಹುದು. ಆದರೆ ಕುಜ ಒಳ್ಳೆಯವನೋ ಕೆಟ್ಟವನೋ ಎಂಬುದು ಲಗ್ನದ ಮೇಲೆ ನಿಂತಿದೆ, ಲಗ್ನ ನೋಡದೆ ಹೇಳಿದ ಹರಳನ್ನು ಕೊಳ್ಳಿ ಎಂದು ನಾನು ಹೇಳಲಾರೆ. ಸದ್ಯಕ್ಕೆ ಬಿಡಿ. ಹುಟ್ಟಿದ ಸಮಯ ಸರಿಯಾಗಿ ಗೊತ್ತಿದ್ದರೆ ಕಳಿಸಿ. ಚಂದ್ರ ಒಂದು ಪಾದ ದಾಟಲು ಸುಮಾರು ಆರು ಗಂಟೆ ಸಾಕು. ಜ್ಯೇಷ್ಠಾ ಕೊನೆಯ ಪಾದ ಗಂಡಾಂತದ, ಅಂದರೆ ಜಲರಾಶಿ ಮುಗಿದು ಅಗ್ನಿರಾಶಿ ಶುರುವಾಗುವ ಸೂಕ್ಷ್ಮ ಸಂಧಿಯ, ಜಾಗವಾದ್ದರಿಂದ ನಿಮ್ಮದು ಯಾವ ಪಾದ ಎಂದು ತಿಳಿಯದೆ ಮುಂದಿನದು ಹೇಳುವುದು ಸರಿಯಲ್ಲ. ಹಾಗೇ, ಆ ಗೆಳತಿಯ ಬಟ್ಟೆಯ ಬಣ್ಣ ಯಾವುದಿತ್ತು ಎಂದೂ ಬರೆಯಿರಿ. ಜಾತಕಕ್ಕೆ ಬೇಕಿಲ್ಲ, ಸುಮ್ನೆ ಕುತೂಹಲ.